ಹಾಲಿಗೆ ಬಿದ್ದ ರಬ್ಬರ್ ಕಾಲಿನ ಹುಳು

ಮೊನ್ನೆ ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಇಡ್ಲಿ ಕಟ್ಟಿಸುತ್ತಿದ್ದೆ. ಕಟ್ಟುವವನು ಚಟ್ನಿಯ ಪೊಟ್ಟಣಕ್ಕೆ ರಬ್ಬರ್ ಬ್ಯಾಂಡ್ ಸುತ್ತಲು ಹೊರಟಾಗ, "ಆ ದಪ್ಪದ್ದು ಬೇಡಪ್ಪ, ತೆಳ್ಳಗಿರೋದು ಹಾಕು" ಎಂದೆ. ಅವನು ಕೈ ತಡೆದು ನನ್ನ ಮುಖ ನೋಡಿದ. ಚಟ್ನಿ ಗಟ್ಟಿ ಬೇಕು ಅನ್ನುವವರನ್ನು ಕಂಡಿದ್ದಾನೆ, ಸಾಂಬಾರು ಜಾಸ್ತಿ ಹಾಕು ಅಂತ ಜಗಳಕ್ಕೆ ನಿಲ್ಲುವವರನ್ನೂ ಕಂಡಿದ್ದಾನೆ. ರಬ್ಬರ್ ಬ್ಯಾಂಡಿನಲ್ಲಿ ಆರಿಸುವ ಗಿರಾಕಿಯನ್ನು ಕಂಡದ್ದು ಅದೇ ಮೊದಲಿರಬೇಕು.

"ಯಾಕ್ ಸಾರ್, ದಪ್ಪದ್ರಲ್ಲಿ ಏನ್ ತೊಂದ್ರೆ?"

"ಕಾಲಿಗೆ ಸರಿಯಾಗಲ್ಲ" ಎಂದುಬಿಟ್ಟೆ. ಪಾಪ, ಅವನು ಬಗ್ಗಿ ನನ್ನ ಕಾಲು ನೋಡಿದ.

ಯಾವ ಕಾಲು ಎಂದು ಅವನಿಗೆ ಹೇಳುತ್ತಾ ಕೂತಿದ್ದರೆ ಪಾಂಡವಪುರದ ಬಸ್ಸು ಹೊರಟುಹೋಗುತ್ತಿತ್ತು. ನಿಮಗೇನೂ ಅವಸರ ಇದ್ದಂತಿಲ್ಲ, ನಿಮಗೆ ಹೇಳುತ್ತೇನೆ.

ಮೊದಲು ನನ್ನ ಸ್ವಭಾವ ಗೊತ್ತಿರಬೇಕು. ಹುಟ್ಟಿದಾಗಿನಿಂದಲೂ ನಾನು ಬೆಚ್ಚಿಬೀಳುವ ಆಸಾಮಿ. ಪ್ರೆಷರ್ ಕುಕ್ಕರ್ ಕೂಗಿದರೆ ಬೆಚ್ಚುತ್ತೇನೆ, ಹಿಂದಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಬೆಚ್ಚುತ್ತೇನೆ, ನನ್ನ ಸೀನಿಗೆ ನಾನೇ ಬೆಚ್ಚಿದ್ದೂ ಉಂಟು. ಚಿಕ್ಕವನಾಗಿದ್ದಾಗ ನಮ್ಮವ್ವ ಇದನ್ನೊಂದು ಕಾಯಿಲೆ ಎಂದೇ ತಿಳಿದಿದ್ದಳು. ನಾಗಮಂಗಲದ ಕಡೆ ನಮ್ಮ ಸೋದರಮಾವನ ಊರಿನಲ್ಲಿ ಬೆಚ್ಚಿದ ಮಕ್ಕಳಿಗೆ ಅಂತ್ರ ಕಟ್ಟುವ ಮುದುಕರೊಬ್ಬರಿದ್ದರು. ಅವ್ವ ನನ್ನನ್ನು ಅವರ ಮುಂದೆ ಕೂರಿಸಿ, "ಈ ಐದ ನೆಳ್ಳು ಕಂಡ್ರೂವೆ ಬೆಚ್ತನೆ ಕನಪ್ಪೋ, ಏನಾದ್ರೂ ಮಾಡಿ" ಅಂದಳು. ಅವರು ಕಣ್ಣುಮುಚ್ಚಿ ಬಾಯಲ್ಲೇ ಏನೋ ಹೇಳಿಕೊಂಡು, ಕರಿದಾರ ಎತ್ತಿ ನನ್ನ ತೋಳಿಗೆ ಕಟ್ಟಿ, ಗಂಟು ಬಿಗಿಯಾಗಲೆಂದು 'ಫೂ' ಎಂದು ಊದಿದರು. ಆ ಊದಿದ್ದಕ್ಕೆ ನಾನು ಬೆಚ್ಚಿ ಹಿಂದಕ್ಕೆ ಬಿದ್ದೆ. ಮುದುಕರೂ ಬೆಚ್ಚಿದರು. ಅಂತ್ರ ಎಷ್ಟು ಕೆಲಸ ಮಾಡಿತೋ ತಿಳಿಯದು. ಆದರೆ ದಾರ, ಗಂಟು ಅಂದರೆ ನನಗೆ ಅಂದಿನಿಂದಲೂ ಒಂದು ಬಗೆಯ ಭಯಭಕ್ತಿ.

ಮುಂದೆ ತಾಲ್ಲೂಕು ಕಚೇರಿಯಲ್ಲಿ ಟೈಪಿಸ್ಟ್ ಆದೆ. ನಮ್ಮೂರಲ್ಲಿ ನಾನು ಇವತ್ತಿಗೂ 'ಟೈಪಿಂಗ್ ಬೋರಣ್ಣ'. ಬೆರಳುಗಳು ಚುರುಕಾಗಿದ್ದವು, ಅದರ ಜಂಬವೂ ಇತ್ತು ಅನ್ನಿ. ಕಂಪ್ಯೂಟರು ಬಂದ ಮೇಲೂ ನನ್ನ ಬೆರಳಿನ ವೇಗ ನೋಡಲು ಪಕ್ಕದ ಮೇಜಿನವರು ಕಾಫಿ ಲೋಟ ಹಿಡಿದು ಬಂದು ನಿಲ್ಲುತ್ತಿದ್ದರು. ಕೆಲಸದಿಂದ ನಿವೃತ್ತನಾಗಿ ಬೆಳಗೊಳದ ಆಚೆಗಿರುವ ನಮ್ಮೂರಿಗೆ ಬಂದು, ನಾಲೆಯ ಏರಿ ಮೇಲೆ ತಿರುಗಾಡಿಕೊಂಡು ಆರಾಮವಾಗಿದ್ದೆ.

ಒಂದು ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ಷು ಕೈಯಿಂದ ಜಾರಿತು. ಎತ್ತಿಕೊಂಡೆ, ಮತ್ತೆ ಜಾರಿತು. ಮೂರನೆಯ ಸಲ ಬಗ್ಗಿದಾಗ ಬಲಗೈ ನನ್ನ ಮಾತು ಕೇಳಲಿಲ್ಲ. ವಿಚಿತ್ರ ನೋಡಿ, ಇಡೀ ಜನ್ಮ ಜಿರಲೆಗೆ ಬೆಚ್ಚಿದವನು ಅವತ್ತು ಬೆಚ್ಚಲಿಲ್ಲ. ಬೇರೆ ಯಾರದೋ ಕೈ ನೋಡಿದಂತೆ ನೋಡುತ್ತಾ ನಿಂತಿದ್ದೆ. ಹಾಲು ಕರೆದು ಬಂದ ನನ್ನ ಹೆಂಡತಿ ಭಾಗ್ಯ ನನ್ನ ಬಾಯಿ ಒಂದು ಕಡೆಗೆ ಎಳೆದಿರುವುದನ್ನು ಕಂಡು ಇಟ್ಟ ಕೂಗಿಗೆ ಬೀದಿಯೇ ಸೇರಿತು. ನಮ್ಮೂರ ಹಾಲಿನ ಡೈರಿಯ ಸೆಕ್ರೆಟರಿ ಕುಮಾರ, ನನಗೆ ತಮ್ಮನ ವರಸೆಯವನು, ಲುಂಗಿಯಲ್ಲೇ ಓಡಿಬಂದು ತನ್ನ ಕಾರಿನಲ್ಲಿ ಮೈಸೂರಿನ ಆಸ್ಪತ್ರೆಗೆ ಸೇರಿಸಿದ. ಬೇಗ ಕರೆತಂದಿರಿ, ಸಣ್ಣದರಲ್ಲಿ ಹೋಯಿತು ಎಂದರು ಡಾಕ್ಟರು. ಬಾಯಿ ನೆಟ್ಟಗಾಯಿತು, ನಡಿಗೆ ಬಂತು. ಬಲಗೈಯ ಹೆಬ್ಬೆರಳು, ತೋರುಬೆರಳು ಮಾತ್ರ ಒಂದರ ಪಕ್ಕ ಒಂದು ಬಂದು ನಿಲ್ಲುತ್ತಿದ್ದವೇ ಹೊರತು ಏನನ್ನೂ ಹಿಡಿಯುತ್ತಿರಲಿಲ್ಲ.

ಫಿಸಿಯೋಥೆರಪಿ ಮಾಡಿಸುವ ಹುಡುಗಿ ಭಾಗ್ಯಳಿಗೆ ಹೇಳಿದಳು: "ಬೆರಳಿಗೆ ಸಣ್ಣ ಸಣ್ಣ ಕೆಲಸ ಕೊಡಿ ಅಮ್ಮ. ಕಾಳು ಆರಿಸಲಿ, ಹೂ ಕಟ್ಟಲಿ. ಸುಮ್ಮನೆ ಬಿಟ್ಟರೆ ಕೈ ಹಂಗೇ ಉಳಿದುಬಿಡುತ್ತೆ."

ಆ 'ಹಂಗೇ' ಎಂಬ ಮಾತಿಗೆ ನಾನು ಬೆಚ್ಚಿದೆ. ಬೆಚ್ಚುವುದು ಮರಳಿ ಬಂದಿತ್ತು, ಅಷ್ಟರ ಮಟ್ಟಿಗೆ ಗುಣವಾದಂತೆ.

ಮರುದಿನವೇ ಭಾಗ್ಯ ಒಂದು ಮೊರ ಕನಕಾಂಬರ, ಬಾಳೆನಾರು ತಂದು ನನ್ನ ಮುಂದಿಟ್ಟಳು. ಅವಳು ಕಟ್ಟಿದರೆ ಹೂವು ಸಾಲಾಗಿ ಕೂರುತ್ತಿದ್ದವು. ನಾನು ಕಟ್ಟಿದ ಮೊಳ ಎತ್ತಿ ಹಿಡಿದರೆ ಹೂವೆಲ್ಲ ಮೊರದಲ್ಲಿ, ನಾರೊಂದು ಕೈಯಲ್ಲಿ. ಜಗಲಿ ಮೇಲೆ ಕೂತದ್ದೇ ತಪ್ಪಾಯಿತು. ಎದುರು ಮನೆಯ ತಿಮ್ಮಕ್ಕ ಹೋಗುತ್ತಾ ಬರುತ್ತಾ, "ಏನ್ ಬೋರಣ್ಣ, ಊ ಕಟ್ತಾ ಇದ್ದೀರಾ, ಉದುರುಸ್ತಾ ಇದ್ದೀರಾ?" ಎಂದು ಕೇಳುವಳು. ನಾನು ಒಳಗೆ ಹೋದ ಮೇಲೆ ಭಾಗ್ಯ ಅದನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಿ, "ನೀವ್ ಕಟ್ಟಿದ್ದೇ ಕನ್ರೀ" ಎಂದು ಮುಡಿದು ಬರುವಳು. ನನಗೆ ಗೊತ್ತಾಗುವುದಿಲ್ಲವೇ? ಒಂದು ದಿನ ಮೊರ ದೂಡಿ, "ಇನ್ ನಂಗೆ ಊ ತರಬ್ಯಾಡ" ಎಂದೆ. ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು.

ಹೂವು ಬೇಡವಾದರೂ ಬೆರಳು ಬೇಕಿತ್ತಲ್ಲ. ಎಡಗೈಯಲ್ಲಿ ಫೋನು ಹಿಡಿದು ಗಂಟು ಹಾಕುವುದನ್ನು ಹುಡುಕಿದೆ. ಫೋನು ಮೊದಲು ಷೂ ಲೇಸು ತೋರಿಸಿತು, ಆಮೇಲೆ ಟೈ ಕಟ್ಟುವುದು, ಆಮೇಲೆ ಎಮ್ಮೆಗೆ ಹಗ್ಗ ಹಾಕುವುದು. ಅದಾದ ಮೇಲೆ ಎಲ್ಲಿಂದಲೋ ಬಿಳಿಗಡ್ಡದ ವಿದೇಶಿ ಅಜ್ಜನೊಬ್ಬ ಬಂದ. ಅವನ ಮುಂದೆ ಒಂದು ಸಣ್ಣ ಇಕ್ಕಳ, ಇಕ್ಕಳದ ಬಾಯಲ್ಲಿ ಒಂದು ಗಾಳ. ಆ ಗಾಳಕ್ಕೆ ಅವನು ದಾರ ಸುತ್ತುತ್ತಾನೆ, ಭಾರಕ್ಕೆ ತಂತಿ ಸುತ್ತುತ್ತಾನೆ, ಹಿಂದುಗಡೆ ಎರಡು ರಬ್ಬರಿನ ಎಳೆ ಕಟ್ಟಿ ಬಾಲ ಎನ್ನುತ್ತಾನೆ, ಎರಡೂ ಮಗ್ಗುಲಿಗೆ ರಬ್ಬರ್ ಕಾಲು ಜೋಡಿಸುತ್ತಾನೆ, ನಡುವೆಲ್ಲ ಜುಂಗು ಜುಂಗಾದ ಕಪ್ಪು ನೂಲು ಸುತ್ತಿ ಹೊಟ್ಟೆ ಮಾಡುತ್ತಾನೆ, ಮುಂದೆ ಎರಡು ಮೀಸೆ. ನೋಡನೋಡುತ್ತಿದ್ದಂತೆ ಅದೊಂದು ಹುಳುವಾಯಿತು! ಕೊನೆಗೆ ಅವನು ಅದನ್ನು ಗಾಜಿನ ನೀರಿಗೆ ಬಿಟ್ಟ. ರಬ್ಬರ್ ಕಾಲುಗಳು ಸಣ್ಣಗೆ ಅಲುಗಿದವು. ನಾನು ಫೋನನ್ನು ಹಾಸಿಗೆಯ ಮೇಲೆ ಎಸೆದೆ.

ಟ್ರೌಟ್ ಅಂತ ಒಂದು ಮೀನಂತೆ, ತಣ್ಣನೆಯ ಹೊಳೆಗಳಲ್ಲಿ ಇರುತ್ತದಂತೆ. ಅದನ್ನು ಮೋಸ ಮಾಡಲು ಇಷ್ಟೆಲ್ಲ! ನಾವು ಸಣ್ಣವರಿದ್ದಾಗ ನಾಲೆಯಲ್ಲಿ ಮೀನು ಹಿಡಿಯುತ್ತಿದ್ದ ರೀತಿ ನೆನೆದು ನಾಚಿಕೆಯಾಯಿತು. ರಾತ್ರಿ ಉಳಿದ ಮುದ್ದೆಯನ್ನು ಚಡ್ಡಿ ಜೇಬಿನಲ್ಲಿ ತಂದು, ಚಿಟಿಕೆಯಷ್ಟು ಗಾಳಕ್ಕೆ ಮೆತ್ತಿ ನೀರಿಗೆ ಎಸೆದರೆ ಆಯಿತು. ಜಿಲೇಬಿ ಮೀನಿಗೆ ಮುದ್ದೆ ಸಾಕು, ಅದು ನಮ್ಮ ಕಡೆಯದೇ. ಮೀನು ಕಚ್ಚಿ ಬೆಂಡು ಮುಳುಗಿತೋ ಇಲ್ಲವೋ ನಾನು ಬೆಚ್ಚಿ ಕೋಲು ಬಿಟ್ಟುಬಿಡುತ್ತಿದ್ದೆ. ನಮ್ಮೂರ ನಾಲೆಯಲ್ಲಿ ನನ್ನ ಕೋಲು ಎಳೆದುಕೊಂಡು ಓಡಾಡಿದ ಮೀನುಗಳು ಎಷ್ಟೋ.

ಆದರೆ ಆ ಅಜ್ಜನ ಬೆರಳು ಕಣ್ಣಿನಿಂದ ಹೋಗಲಿಲ್ಲ. ಭಾಷೆ ತಿಳಿಯದಿದ್ದರೂ ಬೆರಳು ತಿಳಿಯುತ್ತಿತ್ತು. ಅವನ ಬೆರಳುಗಳೂ ವಯಸ್ಸಾದವು, ಗೆಣ್ಣು ಊದಿದವು. ಅದೂ ಅಲ್ಲದೆ, ಹೂವಾದರೆ ಉದುರಿದ್ದು ಬೀದಿಗೆಲ್ಲ ಗೊತ್ತಾಗುತ್ತದೆ. ಯಾರೂ ಕಾಣದ ಹುಳುವಿನ ಕಾಲು ಉದುರಿದರೆ ತಿಮ್ಮಕ್ಕ ಏನಂತ ಕೇಳುತ್ತಾಳೆ?

ಗಾಳ ತರಲು ಪಟ್ಟಣಕ್ಕೆ ಹೋದೆ. ಬಲೆ, ಗಾಳ ಮಾರುವ ಇಮ್ತಿಯಾಜ್ ನನಗೆ ಹಳೆಯ ಪರಿಚಯ. ಟ್ರೌಟ್ ಮೀನಿಗೆ ಎಂದ ಕೂಡಲೇ ಅವನು ತಕ್ಕಡಿ ಕೆಳಗಿಟ್ಟ. "ಅರೆ ಬೋರಣ್ಣ, ಆ ಮೀನು ಕಾವೇರೀಲಿ ಎಲ್ಲೈತೆ?" "ಇಲ್ಲ ಕಣಯ್ಯ." "ಮತ್ತೆ ಇಡಿಯೋದು ಎಲ್ಲಿ?" "ಇಡಿಯಲ್ಲ." ಅವನು ನನ್ನನ್ನೂ ನನ್ನ ಬಲಗೈಯನ್ನೂ ನೋಡಿ, "ಯಾ ಅಲ್ಲಾ" ಎಂದು ಗಾಳದ ಪೊಟ್ಟಣ ಕೊಟ್ಟ.

ಉಳಿದ ಸಾಮಾನು ಮನೆಯಲ್ಲೇ ಸಿಕ್ಕಿತು. ಹಳೆಯ ಇಕ್ಕಳದ ಹಿಡಿಗೆ ರಬ್ಬರ್ ಬ್ಯಾಂಡ್ ಬಿಗಿದರೆ ಅದರ ಬಾಯಿ ಗಾಳವನ್ನು ಕಚ್ಚಿಕೊಳ್ಳುತ್ತಿತ್ತು. ಆ ಇಕ್ಕಳವನ್ನು ರಾಗಿ ತುಂಬಿದ ಸೇರಿನಲ್ಲಿ ನೆಟ್ಟರೆ ನೆಟ್ಟಗೆ ನಿಲ್ಲುತ್ತಿತ್ತು. ಭಾರಕ್ಕೆ ಫ್ಯೂಸ್ ತಂತಿ, ಹೊಟ್ಟೆಗೆ ಭಾಗ್ಯ ಬಾಗಿಲ ತೋರಣ ಹೆಣೆದು ಉಳಿಸಿದ್ದ ಕಪ್ಪು ಉಲ್ಲನ್ ನೂಲು, ಕಾಲಿಗೆ ಹೋಟೆಲಿನ ರಬ್ಬರ್ ಬ್ಯಾಂಡು. ತಲೆಯ ಗಂಟಿನ ಮೇಲೆ ಅಂಟು ಸವರಬೇಕು ಎಂದು ಅಜ್ಜ ತೋರಿಸಿದ್ದ. ಅದಕ್ಕೆ ಭಾಗ್ಯಳ ಉಗುರುಬಣ್ಣ.

"ಯಾವ್ದುಕ್ಕೆ ಇದೆಲ್ಲ?" ಎಂದು ಕೇಳಿದಳು ಭಾಗ್ಯ.

"ಉಳ ಕಟ್ಟಕ್ಕೆ."

"ಮನೇಲಿರೋ ಉಳ ಸಾಲ್ದು ಅಂತಲಾ?" ಎಂದು ಹಸುವಿನ ಹತ್ತಿರ ಹೋದಳು. ಹೂವು ಬೇಡವೆಂದವನು ಹುಳುವಿಗೆ ಕೂತದ್ದು ಅವಳಿಗೆ ಚುಚ್ಚಿತ್ತು. ನನಗದು ಅರ್ಥವಾಗಲು ಬಹಳ ದಿನ ಹಿಡಿಯಿತು.

ಕಟ್ಟಿದ್ದೆಲ್ಲ ಬಿಚ್ಚಿಕೊಂಡಿತು. ದಾರ ಸುತ್ತುವುದು, ಕಾಲು ಕೂರಿಸುವುದು ಹೇಗೋ ಎಡಗೈಯಲ್ಲಿ ಆಗುತ್ತಿತ್ತು. ಕೊನೆಯ ಗಂಟಿಗೆ ಎರಡು ಕೈಯೂ ಬೇಕು. ಬಲಗೈ ದಾರದ ತುದಿ ಹಿಡಿದು ಎಳೆಯುವಷ್ಟರಲ್ಲಿ ಬಿಟ್ಟುಬಿಡುತ್ತಿತ್ತು. ಸುತ್ತಿದ ದಾರ ಸರ್ರನೆ ಸುರುಳಿ ಬಿಚ್ಚಿ, ಕಾಲುಗಳು ಒಂದೊಂದಾಗಿ ರಾಗಿಯೊಳಗೆ ಉದುರುತ್ತಿದ್ದವು. ಒಮ್ಮೆ ಆ ರಾಗಿ ಹಿಟ್ಟಾಗಿ, ಮುದ್ದೆಯಲ್ಲಿ ರಬ್ಬರ್ ತುಂಡು ಸಿಕ್ಕಿ, ನಾನು ಬೆಚ್ಚಿ ತಟ್ಟೆ ಬಿಟ್ಟದ್ದೂ ಆಯಿತು.

ಅಂತೂ ಒಂದು ಸಂಜೆ ಗಂಟು ನಿಂತಿತು. ಹೇಗೆ ನಿಂತಿತೋ ನನಗೇ ಗೊತ್ತಿಲ್ಲ. ಎಳೆದು ನೋಡಿದೆ, ಬಿಚ್ಚಲಿಲ್ಲ. ಜೋಡಿ ಬಾಲ, ಮೂರು ಜೊತೆ ಕಾಲು, ಎರಡು ಮೀಸೆ. ಉಗುರುಬಣ್ಣ ಸವರಿ, ಆರಲೆಂದು ಅಡುಗೆಮನೆಯ ಹಿಂದೆ ಕಟ್ಟಿದ್ದ ಹಗ್ಗಕ್ಕೆ ಸಿಕ್ಕಿಸಿ ಬಂದೆ. ಭಾಗ್ಯಳಿಗೆ ಹೇಳಲಿಲ್ಲ. ಬೆಳಗಾದ ಮೇಲೂ ಗಂಟು ನಿಂತಿದ್ದರೆ ಹೇಳೋಣ, ಅಷ್ಟರೊಳಗೆ ಬಿಚ್ಚಿಕೊಂಡರೆ ಮತ್ತೆ ಮುಖ ಸಣ್ಣದಾಗುತ್ತದೆ ಎಂದುಕೊಂಡೆ.

ಇಲ್ಲಿ ಭಾಗ್ಯಳ ಹಾಲಿನ ವಿಷಯ ಹೇಳಬೇಕು. ನಮ್ಮೂರ ಡೈರಿಗೆ ಎಷ್ಟೋ ಮನೆಯ ಹಾಲು ಬರುತ್ತದೆ, ಆದರೆ ಭಾಗ್ಯಳ ಹಾಲಿನ ಮಾತೇ ಬೇರೆ. ಊರಲ್ಲಿ ಮಗುವಿಗೆ ಮೊದಲ ಸಲ ಹಸುವಿನ ಹಾಲು ಕುಡಿಸುವುದಿದ್ದರೆ ಲೋಟ ಹಿಡಿದು ನಮ್ಮ ಮನೆಗೇ ಬರುತ್ತಾರೆ. ದೇವರ ಅಭಿಷೇಕಕ್ಕೂ ಇಲ್ಲಿಂದಲೇ. ಅವಳು ಓದಿದವಳಲ್ಲ, ಕಚೇರಿಗೆ ಹೋದವಳಲ್ಲ. ನನಗೆ ಬೆರಳಿನ ಜಂಬ ಹೇಗಿತ್ತೋ ಅವಳಿಗೆ ಆ ಕ್ಯಾನಿನ ಜಂಬ. ಹಾಲು ಸೋಸುವ ಬಟ್ಟೆಯನ್ನು ಅವಳು ಬೇರೆ ಬಟ್ಟೆಗಳ ಜೊತೆ ಒಣಗಲು ಬಿಡುವವಳಲ್ಲ. ಅದಕ್ಕೇ ಅಂತ ಅಡುಗೆಮನೆಯ ಹಿಂದೆ ಒಂದು ಹಗ್ಗ ಕಟ್ಟಿದ್ದಾಳೆ.

ನಾನು ಹುಳು ಸಿಕ್ಕಿಸಿದ್ದ ಹಗ್ಗ ಅದೇ.

ಮರುದಿನ ಬೆಳಿಗ್ಗೆ ಕರೆಂಟಿರಲಿಲ್ಲ. ಮಬ್ಬಿನಲ್ಲೇ ಹಾಲು ಕರೆದು, ಸೋಸಿ, ಅವಳು ಡೈರಿಗೆ ಹೋದಳು. ನಾನು ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದೆ. ಡೈರಿಯ ಕಡೆಯಿಂದ ಏನೋ ಗಲಾಟೆ ಕೇಳಿತು, ಕುಮಾರನ ಕಾರು ಭರ್ರೆಂದು ಹೋಯಿತು. ಆಮೇಲೆ ಭಾಗ್ಯ ಬಂದಳು. ಖಾಲಿ ಕ್ಯಾನನ್ನು ಜಗಲಿ ಮೇಲೆ ಬೋರಲು ಹಾಕಿ, ಗೋಡೆಗೆ ಒರಗಿ ಕೂತಳು.

"ಏನಾಯ್ತಮ್ಮಿ?"

"ನನ್ ಆಲಲ್ಲಿ ಚೇಳು."

"ಆಂ!" ಕಾಫಿ ನನ್ನ ಪಂಚೆಯ ಮೇಲಾಯಿತು.

"ಕುಮಾರ ಜರಡಿಗೆ ಆಲು ಉಯ್ದ. ಜರಡಿ ಮ್ಯಾಲೆ ಕರ್ರಗೆ, ಮೈಯೆಲ್ಲಾ ಕೂದ್ಲು, ಕಾಲು ಇನ್ನೂ ಆಡ್ತಾ ಅವೆ. ಎಲ್ರೂ ಕಿಟಾರನೆ ಕಿರುಚ್ಕಂಡ್ರು. ಕುಮಾರ ಕಡ್ಡೀಲಿ ಎತ್ತಿ ರೋಡಿಗೆಸ್ದು ಚಪ್ಲಿ ಕಾಲಲ್ಲಿ ಮೆಟ್ಟುದ. ಚಪ್ಲಿ ತೂರ್ಕಂಡು ಕುಟುಕ್ಬುಡ್ತು ಕನ್ರೀ! ಚಪ್ಲೀನ ಚರಂಡಿಗೆ ಒಗ್ದು ಕುಂಟ್ಕಂಡು ಓಡ್ದ. ಪಾಂಡವಪುರದ ಆಸ್ಪತ್ರೆಗೆ ಕರ್ಕಂಡೋದ್ರು." ಅವಳು ಸೆರಗಿನಿಂದ ಮುಖದ ಬೆವರು ಒರೆಸಿಕೊಂಡಳು. "ನನ್ ಆಲೆಲ್ಲಾ ಮೋರಿಗೆ ಚೆಲ್ಬುಟ್ರು. ಇನ್ನು ನಮ್ ಆಲು ಬ್ಯಾಡ ಅಂತ ಮಾತಾಡ್ಕತಾವ್ರೆ. ಚೇಳು ಬಿದ್ದಿದ್ದ ಆಲ್ನ ಯಾರ್ ಕುಡೀತರೆ? ನಾನು ಸೋಸ್ದೆ ಕನ್ರೀ. ಸೋಸ್ದಲೇ ಯಾವತ್ತಾದ್ರೂ ತಕಂಡೋಗಿದ್ದೀನಾ?"

ಮೈಯೆಲ್ಲ ಕೂದಲು. ಆಡುವ ಕಾಲು. "ಮೀಸೆ ಇತ್ತಾ?" ಎಂದು ಕೇಳಿದೆ.

"ಚೇಳಿಗೆ ಯಾವ ಮೀಸೆ? ಊಂ, ಮುಂದ್ಕೆ ಎಲ್ಡು ಎಳೆ ಇದ್ದೋ."

ಎದ್ದು ಅಡುಗೆಮನೆಯ ಹಿಂದಕ್ಕೆ ಹೋದೆ. ಹಗ್ಗ ಖಾಲಿ. ಬಟ್ಟೆ ಒಲೆಯ ಪಕ್ಕದಲ್ಲಿತ್ತು, ಅದರ ಅಡಿಬದಿಯಲ್ಲಿ ಕೊಕ್ಕೆ ಹರಿದ ಸಣ್ಣ ತೂತು. ಹಗ್ಗದಿಂದ ಬಟ್ಟೆಗೆ ಸಿಕ್ಕಿಕೊಂಡು, ಹಾಲು ಸೋಸಿ ಬಟ್ಟೆ ಕೊಡವಿದಾಗ ಕ್ಯಾನಿಗೆ ಬಿದ್ದಿದೆ. ಕುಮಾರನನ್ನು ಕುಟುಕಿದ ಕೊಂಡಿ ಇಮ್ತಿಯಾಜನ ಅಂಗಡಿಯ ಗಾಳ! ಆ ಗಾಳ ಯಾರದಾದರೂ ಗಂಟಲಿಗೆ ಹೋಗಿದ್ದರೆ ಎಂದು ನೆನೆದು ಅಲ್ಲೇ ಗೋಡೆ ಹಿಡಿದು ನಿಂತೆ. ನಿಜ ಹೇಳಲೇ? ಅಂಥ ಗಾಬರಿಯಲ್ಲೂ ಮನಸ್ಸಿನ ಒಂದು ಮೂಲೆ, ನಾಚಿಕೆಗೆಟ್ಟ ಮೂಲೆ, 'ಇಡೀ ಡೈರಿ ನಂಬಿತಲ್ಲೋ ಬೋರ' ಎಂದು ಹಿಗ್ಗಿತು.

ಹೊರಗೆ ಬಂದು ಭಾಗ್ಯಳ ಮುಂದೆ ಕೂತು ಹೇಳಿದೆ. "ಅದು ಚೇಳಲ್ಲ. ನಾನ್ ಕಟ್ಟಿದ್ ಉಳ. ನಿನ್ನೆ ಸಂಜೆ ಒಣಗ್ಲಿ ಅಂತ ಆಲಿನ್ ಬಟ್ಟೆ ಅಗ್ಗಕ್ಕೆ ಸಿಗುಸ್ದೆ."

ಅವಳು ನನ್ನನ್ನೇ ದಿಟ್ಟಿಸಿದಳು. ಈಗ ಬೈಗುಳ ಬರುತ್ತದೆ ಎಂದು ನಾನು ತಲೆ ತಗ್ಗಿಸಿದೆ.

"ನೀವ್ ಕಟ್ಟಿದ್ದಾ?" ಎಂದಳು. "ಆಲ್ನೊಳಗೆ ಬಿದ್ದು, ಜರಡಿ ಮ್ಯಾಲೆ ಬಿದ್ದು, ಅವ್ನು ಮೆಟ್ಟೋವರ್ಗೂ ಬಿಚ್ಕಂಡಿರ್ನಿಲ್ವಾ?"

"ಇಲ್ಲ."

"ಅಂಗಾರೆ ಗಂಟು ನಿಂತದೆ" ಎಂದಳು. ಅವಳ ಕಣ್ಣಲ್ಲಿ ಆಗ ನೀರು ಬಂತು. ಹಾಲು ಮೋರಿಗೆ ಚೆಲ್ಲಿದ್ದಕ್ಕೆ ಬರದ ನೀರು. ನಾನು ಎಷ್ಟೋ ಸಲ ಬೆಚ್ಚಿದ್ದೇನೆ, ಹಾಗೆ ಸದ್ದಿಲ್ಲದೆ ಬೆಚ್ಚಿದ್ದು ಆಗಲೇ.

ಸಂಜೆಯ ಹಾಲಿನ ಹೊತ್ತಿಗೆ ಇಬ್ಬರೂ ಡೈರಿಗೆ ಹೋದೆವು. ಭಾಗ್ಯ ಬರಲೊಲ್ಲೆ ಎಂದಳು, ಆಮೇಲೆ ಕ್ಯಾನು ತೊಳೆದು, ಹಾಲು ತುಂಬಿ, ಸೆರಗು ತಲೆ ಮೇಲೆ ಎಳೆದುಕೊಂಡು ಹಿಂದೆ ಬಂದಳು. ಕುಮಾರ ಕಾಲನ್ನು ಸ್ಟೂಲಿನ ಮೇಲೆ ಇಟ್ಟುಕೊಂಡು, ಮೀನಖಂಡಕ್ಕೆ ಬಟ್ಟೆ ಬಿಗಿದುಕೊಂಡು ಕೂತಿದ್ದ. ಡಾಕ್ಟರು ಇಂಜೆಕ್ಷನ್ ಕೊಟ್ಟು ಗಾಬರಿ ಇಲ್ಲ ಎಂದಿದ್ದರೂ ಇವನಿಗೆ ಉರಿ ತೊಡೆಯವರೆಗೆ ಏರಿತ್ತಂತೆ.

"ಕುಮಾರ, ನಿನ್ ಕುಟುಕಿದ್ದು ಚೇಳಲ್ಲ ಕಣ್ಲಾ. ಗಾಳ. ನಾನು ರಬ್ಬರ್ ಬ್ಯಾಂಡಲ್ಲಿ ಕಟ್ಟಿದ್ ಉಳ."

ಸಾಲಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಕುಮಾರನಿಗೆ ಸಿಟ್ಟೇ ಬಂತು. "ಬೋರಣ್ಣ, ಅತ್ತಿಗೆ ಮರ್ವಾದಿ ಉಳುಸ್ಬೇಕು ಅಂತ ಇಂಗೆಲ್ಲ ಏಳ್ಬ್ಯಾಡಿ. ಚೇಳು ಯಾವ್ದು ರಬ್ಬರ್ ಯಾವ್ದು ಗೊತ್ತಾಗಲ್ವಾ ನಂಗೆ? ಬೆಳಗಿಂದ ಕಾಲೇ ಸೇದೋಯ್ತಾ ಅದೆ!"

"ಚಪ್ಪಲಿ ತರುಸ್ಲಾ, ನೋಡಾನ."

ಚರಂಡಿಯಲ್ಲಿ ನೀರು ಹರಿದು ಚಪ್ಪಲಿ ಎಲ್ಲಿಗೆ ಹೋಗಿತ್ತೋ. ತಿಮ್ಮಕ್ಕ ತನ್ನ ಕ್ಯಾನು ಕೆಳಗಿಟ್ಟು ಮುಂದೆ ಬಂದಳು. "ಊ ಕಟ್ಟಿದ್ರೇ ಉದುರೋಯ್ತಿತ್ತು ನಿಮ್ ಕೈಲಿ. ಇನ್ನು ಕಾಲು ಮೀಸೆ ಇರೋ ಉಳ ಕಟ್ಟಿದ್ರಾ? ದಿಟವಾದ್ರೆ ನಮ್ ಮುಂದೆ ಒಂದು ಕಟ್ಟಿ ತೋರ್ಸಿ. ತೋರುಸ್ಬುಟ್ರೆ ಭಾಗ್ಯಕ್ಕನ ಆಲು ಮೊದ್ಲು ಅಳೀಲಿ, ನಾವ್ಯಾರೂ ಮಾತಾಡಲ್ಲ."

ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಆ ಕೈ ನೋಡಿ ನಾನೇ ನಂಬುತ್ತಿರಲಿಲ್ಲ. ನಿಂತದ್ದು ಒಂದೇ ಒಂದು ಗಂಟು, ಅದೂ ಹೇಗೆ ನಿಂತಿತು ಎಂದು ಗೊತ್ತಿಲ್ಲದ ಗಂಟು. ಹಿಂತಿರುಗಿ ನೋಡಿದೆ. ಭಾಗ್ಯ ಕ್ಯಾನನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲ ಹತ್ತಿರ ನಿಂತಿದ್ದಳು. ಕೆಳಗೆ ಇಡಲೂ ಅವಳಿಗೆ ಧೈರ್ಯವಿರಲಿಲ್ಲ.

ಮನೆಯಿಂದ ರಾಗಿಯ ಸೇರು, ಇಕ್ಕಳ ತರಿಸಿದರು. ಡೈರಿಯ ಮೇಜಿನ ಮೇಲೆ ನನ್ನ ಅಂಗಡಿ ಹೂಡಿದೆ. ಗಾಳ ಸಿಕ್ಕಿಸಿದೆ, ದಾರ ಸುತ್ತಿದೆ. ತಂತಿ ಸುತ್ತಿದೆ. ರಬ್ಬರ್ ಬ್ಯಾಂಡನ್ನು ಬ್ಲೇಡಿನಲ್ಲಿ ಸೀಳಿ ಬಾಲ ಕಟ್ಟಿದಾಗ ಯಾರೋ ಕಿಸಕ್ಕೆಂದರು. ಕಾಲು ಒಂದೊಂದೇ ಅಡ್ಡಕ್ಕೆ ಕೂರಿಸಿ, ಆಚೆಯಿಂದೊಂದು ಈಚೆಯಿಂದೊಂದು ದಾರ ಹಾಕಿ ಬಿಗಿಯುತ್ತಾ ಬಂದಂತೆ ಕಿಸಕ್ಕೆನ್ನುವುದು ನಿಂತಿತು. ಉಲ್ಲನ್ ಸುತ್ತಿ ಹೊಟ್ಟೆ ಮಾಡಿದೆ. ಮೀಸೆ ಇಟ್ಟೆ. ಸಾಲು ಮುರಿದು ಎಲ್ಲರೂ ಮೇಜಿನ ಸುತ್ತ ಬಂದಿದ್ದರು. ಹಾಲಿನ ಗಾಡಿಯವನು ಹಾರ್ನ್ ಹೊಡೆದಾಗ ನಾನು ಬೆಚ್ಚಿದೆ, ಆದರೆ ದಾರ ಬಿಡಲಿಲ್ಲ.

ಕೊನೆಯ ಗಂಟು ಬಂತು.

ಎಡಗೈಯಲ್ಲಿ ದಾರ ಬಿಗಿ ಹಿಡಿದು, ಬಲಗೈಯಲ್ಲಿ ತುದಿ ತೂರಿಸಿ ಎಳೆಯಬೇಕು. ಬೆರಳು ತುದಿ ಮುಟ್ಟಿತು, ಹಿಡಿಯಲಿಲ್ಲ. ಇನ್ನೊಮ್ಮೆ ಹೋಯಿತು, ಹಿಡಿಯಲಿಲ್ಲ. ಸುತ್ತಿದ್ದು ಸಡಿಲವಾಗತೊಡಗಿತು, ಮುಂದಿನ ಒಂದು ಕಾಲು ವಾಲಿತು. ಬಿಟ್ಟರೆ ಅಷ್ಟೂ ಬಿಚ್ಚಿಕೊಳ್ಳುತ್ತದೆ. ಹೂವಿನ ಮೊರ ಕಣ್ಣ ಮುಂದೆ ಬಂತು. ಭಾಗ್ಯಳ ಹಾಲು ಹೋಯಿತು ಎಂದುಕೊಂಡೆ.

ಯಾರೋ ಕ್ಯಾನು ಕೆಳಗಿಟ್ಟ ಸದ್ದಾಯಿತು. ಸೆರಗು ನನ್ನ ಭುಜಕ್ಕೆ ತಾಗಿತು. ಪೊಟ್ಟಣ ಕಟ್ಟುವಾಗ, ಮೂಟೆ ಬಿಗಿಯುವಾಗ, ಎಳೆದ ದಾರ ಸಡಿಲವಾಗದಿರಲಿ ಎಂದು ಇನ್ನೊಬ್ಬರು ಗಂಟಿನ ಮೇಲೆ ಬೆರಳು ಒತ್ತುವುದಿಲ್ಲವೇ? ಹಾಗೆ ಭಾಗ್ಯ ತನ್ನ ತೋರುಬೆರಳನ್ನು ಆ ಹುಳುವಿನ ಕತ್ತಿನ ಮೇಲೆ ಒತ್ತಿದಳು. ಹಾಲು, ಸಗಣಿ, ಹುಲ್ಲು ಎಲ್ಲದರ ವಾಸನೆಯ ಬೆರಳು. ದಾರ ಅಲ್ಲೇ ನಿಂತಿತು.

"ಮಡಗಿದ್ದೀನಿ. ನಿದಾನಕ್ಕೆ ಎಳೀರಿ" ಎಂದಳು.

ನಿಧಾನಕ್ಕೆ ಹಿಡಿದೆ. ನಿಧಾನಕ್ಕೆ ಎಳೆದೆ. ಗಂಟು ಬಿತ್ತು.

ನಾನು ಇಕ್ಕಳ ಬಿಡಿಸಿ, ಭಾಗ್ಯಳ ಕ್ಯಾನಿನಿಂದ ಒಂದು ಲೋಟ ಹಾಲು ತೆಗೆದು, ಅದರೊಳಗೆ ಹುಳುವನ್ನು ಬಿಟ್ಟೆ. ಕರ್ರಗಿನ ಮೈ ಒಂದು ಸಲ ಮುಳುಗಿ ಮಗ್ಗುಲಾಯಿತು, ಕಾಲುಗಳೆಲ್ಲ ಮೆಲ್ಲಗೆ ಅಲುಗಿದವು. ತಮ್ಮ ಕಣ್ಣ ಮುಂದೆಯೇ ರಬ್ಬರ್ ಬ್ಯಾಂಡಿನಿಂದ ಹುಟ್ಟಿದ್ದನ್ನು ನೋಡಿದ ಅಷ್ಟೂ ಜನ "ಅಯ್ಯಯ್ಯಪ್ಪ!" ಎಂದು ಹಿಂದಕ್ಕೆ ಹಾರಿದರು. ತಿಮ್ಮಕ್ಕ ಗೋಡೆಗೆ ಹೋಗಿ ಬಡಿದುಕೊಂಡಳು. ಕುಮಾರ ಚೇಳು ಕಚ್ಚಿದ ಕಾಲು, ಕಚ್ಚದ ಕಾಲು ಎರಡನ್ನೂ ಎತ್ತಿಕೊಂಡು ಸ್ಟೂಲಿನ ಮೇಲೆ ನಿಂತುಬಿಟ್ಟ. ನಿಂತ ಮೇಲೆ ಅವನಿಗೇ ನೆನಪಾಯಿತು. ತನ್ನ ಕಾಲು ನೋಡಿಕೊಂಡ.

"ಎಲ್ಲಾ, ಉರೀನೇ ಇಲ್ವಲ್ಲ!" ಎಂದ. ಆಮೇಲೆ ನನ್ನ ಮೇಲೆ ಹರಿಹಾಯ್ದ. "ಇಂಜೆಕ್ಷನ್ ಬೇರೆ ಚುಚ್ಚುಸ್ಕಂಡ್ನಲ್ಲ ಬೋರಣ್ಣ, ನಿನ್ ಮನೆ ಕಾಯೋಗ!" ಬೈಯುತ್ತಲೇ ಕೆಳಗಿಳಿದು ಭಾಗ್ಯಳ ಕ್ಯಾನು ಎತ್ತಿ ಎಲ್ಲರಿಗಿಂತ ಮೊದಲು ಜರಡಿಗೆ ಸುರಿದ. ಎಲ್ಲರೂ ಬಗ್ಗಿ ನೋಡಿದರು. ಬರೀ ಹಾಲು, ಮೇಲೆ ನೊರೆ.

ಹಾಲಿನ ಬಟ್ಟೆಯ ಹಗ್ಗದ ಹತ್ತಿರ ಈಗ ನನಗೆ ಪ್ರವೇಶವಿಲ್ಲ. ಹುಳು ಒಣಗಲು ಬೀದಿ ಬಾಗಿಲಿನ ಮೊಳೆ ಗೊತ್ತಾಗಿದೆ. ಅದನ್ನು ಕಂಡು ನಮ್ಮ ಮನೆಗೆ ಮಾಟ ಮಾಡಿಸಿದ್ದಾರೆಂದು ಕೆ.ಆರ್. ಪೇಟೆಯಿಂದ ಬಂದ ನೆಂಟರು ಊಟ ಮಾಡದೆ ಹೊರಟರು. ಅದೊಂದು ಬೇರೆಯೇ ಕತೆ. ತಿಮ್ಮಕ್ಕ ಎಳೆ ಮೊಮ್ಮಗಳಿಗೆ ಹಾಲು ಬೇಕೆಂದು ನಮ್ಮ ಮನೆಗೇ ಲೋಟ ತಂದಿದ್ದಳು, ಆದರೆ ಲೋಟವನ್ನು ಬೆಳಕಿಗೆ ಹಿಡಿದು ನೋಡಿದ್ದನ್ನು ನಾನು ಕಂಡೆ.

ದಿನಾ ಸಂಜೆ ಒಂದು ಹುಳು ಕಟ್ಟುತ್ತೇನೆ. ಕಾವೇರಿಯ ಯಾವ ಮೀನಿಗೂ ಅದರಿಂದ ತೊಂದರೆಯಿಲ್ಲ. ಕೊನೆಯ ಗಂಟು ಬಂದಾಗ, "ಲೇ ಭಾಗ್ಯ, ಬೆರಳು ಮಡಗು ಬಾ" ಎಂದು ಕೂಗುತ್ತೇನೆ. ಅವಳು ಒಲೆ ಮುಂದೆ ಇದ್ದರೂ, ಹಸುವಿಗೆ ಹುಲ್ಲು ಹಾಕುತ್ತಿದ್ದರೂ ಕೈ ಒರೆಸಿಕೊಂಡು ಬಂದು ಬೆರಳು ಒತ್ತುತ್ತಾಳೆ. ನಾನು ಎಳೆಯುತ್ತೇನೆ. "ತೆಗೀಲಾ?" ಎನ್ನುತ್ತಾಳೆ. "ಇನ್ನೊಂದ್ ಗಳ್ಗೆ ಇರ್ಲಿ" ಎನ್ನುತ್ತೇನೆ.

ನಿನ್ನೆಯೂ ಹಾಗೇ ಕರೆದೆ. ಬಂದು ಬೆರಳಿಟ್ಟಳು. ನಾನು ದಾರ ಎಳೆದೆ. ಅವಳು ನನ್ನ ಬಲಗೈಯನ್ನೇ ನೋಡುತ್ತಾ, ದನಿ ಎತ್ತರಿಸದೆ ಕೇಳಿದಳು: "ಈ ಗಂಟು ನನ್ ಬೆರಳಿಲ್ದೇನೂ ನಿಲ್ತದೆ, ಅಲ್ವ್ರಾ? ಬಾಳ ದಿನ್ದಿಂದಲೂವೆ?"

ನಾನು ಬೆಚ್ಚಿಬಿದ್ದೆ. ಕೈಯಿಂದ ದಾರ ಜಾರಿತು. ಗಂಟು ಅಲುಗಲಿಲ್ಲ. ಅವಳು ಬೆರಳನ್ನೂ ತೆಗೆಯಲಿಲ್ಲ.